ಹೆಚ್ಚು ಗಾಳಿ ಬರುವ ಜಾಗದ ಕುರಿತು

ಧಾರವಾಡ, ಶ್ರಾವಣ ಮಾಸ, ೧೯೩೬

ರಾಜಮಾನ್ಯ ರಾಜಶ್ರೀ ಹೆಡ್‌ಮಾಸ್ತರ ಯಜ್ಞೇಶ್ವರರಾಯರ ಸನ್ನಿಧಿಗೆ, ಸ್ಟೇಶನ್ನಿನಲ್ಲಿ ನಿಶಾನೆ ತೋರಿಸುವ ಗೋವಿಂದಪ್ಪನು ದೂರದಿಂದಲೇ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಎರಡನೆಯ ಹಂತದ ಇಂಗ್ಲಿಷ್ ಕಲಿಯುವವರಿಗಾಗಿ ತಾವು ಬರೆದು ಅಚ್ಚು ಹಾಕಿಸಿರುವ ಸಭ್ಯ ಭಾಷೆಯ ಪುಸ್ತಕವನ್ನು ನಾನು ಎರಡು ವರ್ಷ ಗೇಟಿನ ಗುಡಿಸಲಲ್ಲಿ ಕುಳಿತು ಓದಿದವನು. ಇಂಗ್ಲಿಷರು ಅಪ್ಪಣೆಯನ್ನು ಪ್ರಶ್ನೆಯ ರೂಪದಲ್ಲಿ ಕೊಡುತ್ತಾರೆ, ‘ಇಲ್ಲ’ ಎನ್ನಬೇಕಾದಲ್ಲಿ ‘ಆಗಲಾರದೇನೋ ಎಂದು ಅಂಜಿಕೆಯಾಗುತ್ತಿದೆ’ ಎನ್ನುತ್ತಾರೆ ಎಂಬ ಮರ್ಮವನ್ನು ತಾವು ತಿಳಿಸದಿದ್ದರೆ, ಕೆಂಪು ನಿಶಾನೆ ಎಂದರೆ ನಿಲ್ಲು, ಹಸಿರು ಎಂದರೆ ಹೊರಡು ಎಂಬುದಷ್ಟೇ ಗೊತ್ತಿದ್ದ ನನ್ನಂಥವನು ಸಾಯುವವರೆಗೂ ಒರಟನಾಗಿಯೇ ಉಳಿಯುತ್ತಿದ್ದ.

ಜೂನ್ ತಿಂಗಳಲ್ಲಿ ನನ್ನ ಮಗಳು ಗುಡ್ಡವ್ವನನ್ನು ತಮ್ಮ ಶಾಲೆಗೆ ಸೇರಿಸಿದ ಮರುವಾರವೇ ತಮ್ಮಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಸದ್ಯಕ್ಕೆ ಹುಡುಗಿ ಹೆಚ್ಚು ಗಾಳಿ ಬರುವ ಜಾಗದಲ್ಲಿ ಕುಳಿತರೆ ನನಗೇನಾದರೂ ತೊಂದರೆಯಾದೀತೇ ಎಂದು ಕೇಳಿದ್ದಿರಿ. ಹುಟ್ಟಿದಾರಭ್ಯ ನನ್ನನ್ನು ‘ಡಿಯರ್ ಸರ್’ ಎಂದು ಕರೆದ ಮೊದಲ ಪತ್ರ ಅದು. ನಾನು ಹಿಗ್ಗಿ ಹೀರೇಕಾಯಿಯಾಗಿ, ತಮ್ಮ ಹನ್ನೊಂದನೆಯ ಪಾಠದಲ್ಲಿರುವಂತೆಯೇ ‘ಎಳ್ಳಷ್ಟೂ ತೊಂದರೆಯಿಲ್ಲ, ತಮ್ಮ ಕಾಳಜಿಗೆ ಋಣಿ’ ಎಂದು ಉತ್ತರ ಬರೆದೆ. ತಂದೆಯ ಒಪ್ಪಿಗೆ ಎಂದು ತಾವು ಅದನ್ನು ಫೈಲಿನಲ್ಲಿ ಜೋಪಾನ ಮಾಡಿರುವಿರಂತೆ.

ಮೊನ್ನೆ ಸೂಟಿ ಸಿಕ್ಕು ಶಾಲೆಗೆ ಬಂದಾಗ ಆ ಜಾಗವನ್ನು ಕಣ್ಣಾರೆ ಕಂಡೆ. ಅದು ಹೊರಗಿನ ಪಡಸಾಲೆ. ಉಳಿದ ಮಕ್ಕಳೆಲ್ಲ ಗಾಳಿಯಿಲ್ಲದ ಕೋಣೆಯಲ್ಲಿ ಬೆಂಚಿನ ಮೇಲೆ ಕಷ್ಟಪಡುತ್ತಿರುವಾಗ ನನ್ನ ಮಗಳೊಬ್ಬಳೇ ಗೋಣಿಚೀಲದ ಮೇಲೆ ಕುಳಿತು ಸುಖವಾಗಿ ಮಳೆಯಲ್ಲಿ ತೊಯ್ಯುತ್ತಿದ್ದಳು. ನಮ್ಮ ಜಾತಿಯ ಹೆಸರನ್ನಾಗಲಿ, ಮಡಿ ಮೈಲಿಗೆಯ ಮಾತನ್ನಾಗಲಿ ಎತ್ತದೆ, ಮುಟ್ಟಬಾರದವರನ್ನು ಹೊರಗಿಡುವ ಕೆಲಸವನ್ನೆಲ್ಲ ಗಾಳಿಯ ತಲೆಗೆ ಕಟ್ಟಿದ ತಮ್ಮ ಸಭ್ಯತೆಗೆ ತಲೆಬಾಗುತ್ತೇನೆ. ಇನ್ಸ್‌ಪೆಕ್ಟರ ಸಾಹೇಬರು ಬಂದ ದಿನ ಮಾತ್ರ ಅವಳು ಮುಂದಿನ ಬೆಂಚಿನಲ್ಲಿದ್ದಳಂತೆ. ಅಂದು ಅವಳಿಗೆ ಗಾಳಿ ಬೇಕೆನಿಸಲಿಲ್ಲವೇನೋ.

ಪಡಸಾಲೆಯಿಂದ ನೋಡಿದರೆ ಕರಿಹಲಗೆಯ ಎಡಭಾಗವಷ್ಟೇ ಕಾಣುತ್ತದೆ. ತಾವು ಕಲಿಸುವ ವಾಕ್ಯಗಳಲ್ಲಿ ವಿನಯವೆಲ್ಲ ಎಡಗಡೆ, ಬೇಡಿಕೆ ಬಲಗಡೆ. ಹೀಗಾಗಿ ಗುಡ್ಡವ್ವನ ಪಾಟಿಯ ತುಂಬ ‘ತಾವು ದಯಮಾಡಿ’, ‘ತಮಗೆ ಬೇಸರವಿಲ್ಲದಿದ್ದರೆ’, ‘ತಮ್ಮ ಅಪ್ಪಣೆಯಾದರೆ ನಾನು’ ಎಂಬ ಇಂಗ್ಲಿಷ್ ಮಾತುಗಳೇ ಇವೆ, ಮುಂದೇನೂ ಇಲ್ಲ. ಕೇಳಿದರೆ, “ಏನು ಬೇಕು ಅನ್ನೂದು ಆ ಕಡೆ ಬರದಿರ್ತಾರಪ್ಪಾ, ನನಗ ಕಾಣೂದಿಲ್ಲ” ಅಂದಳು. ಬರುವ ಮಾರ್ಚಿನ ಪರೀಕ್ಷೆಯಲ್ಲಿ ಅರ್ಧ ವಾಕ್ಯಕ್ಕೆ ಯಾರೂ ಪಾಸು ಮಾಡುವುದಿಲ್ಲ, ಮತ್ತು ನಪಾಸಾದವಳಿಗೆ ಬೆಂಚಿರಲಿ, ಆ ಗೋಣಿಚೀಲವೂ ಉಳಿಯುವುದಿಲ್ಲ.

ಆದ್ದರಿಂದ ತಾವು ಒಮ್ಮೆ ಪಡಸಾಲೆಗೆ ದಯಮಾಡಿಸಿ, ಅಲ್ಲಿಗೆ ಬೀಳುವ ಮಳೆಯನ್ನು ‘ತುಸು ಅತ್ತ ಸರಿದು ಸುರಿದರೆ ತಮಗೆ ಬೇಸರವೇ’ ಎಂದು ತಮ್ಮ ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಬೇಕಾಗಿ ವಿನಂತಿ. ಮಳೆ ಒಪ್ಪದಿದ್ದರೆ ನಡುವಿನ ಗೋಡೆಯನ್ನು ಕೇಳಿ ನೋಡಬಹುದು. ಅದೂ ಆಗದಿದ್ದರೆ, ಇನ್ನು ಮುಂದೆ ಬೇಡಿಕೆಯನ್ನು ಮೊದಲು ಬರೆದು ವಿನಯವನ್ನು ಆಮೇಲೆ ಬರೆಯುವಂತೆ ಇಂಗ್ಲಿಷರೆಲ್ಲರನ್ನೂ ಒಪ್ಪಿಸಬೇಕು. ಇವು ಯಾವುವೂ ಆಗಲಾರವೇನೋ ಎಂದು ತಮಗೆ ಅಂಜಿಕೆಯಾದರೆ, ಜೂನ್ ತಿಂಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ತಿದ್ದಿಕೊಳ್ಳಿ: ಹೌದು, ತೊಂದರೆಯಾಗುತ್ತದೆ. ಈ ಉತ್ತರವೂ ಫೈಲಿನಲ್ಲಿ ಅಡಗಿ ಕೂರಬಾರದೆಂದು ವಾರಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ.

ತಮ್ಮಿಂದಲೇ ಸಭ್ಯತೆ ಕಲಿತ, ತಮ್ಮ ವಿಶ್ವಾಸಿ,
ಗೋವಿಂದಪ್ಪ

ತಾಜಾ ಕಲಂ: ಈ ಪತ್ರವನ್ನು ಓದಿ ಹೇಳಿದಾಗ, ಇಂಗ್ಲಿಷಿನ ಒಂದಕ್ಷರವೂ ಬಾರದ ನನ್ನ ಹೆಂಡತಿ ಯಂಕವ್ವ, “ಇಷ್ಟುದ್ದ ಯಾಕ ಬರದ್ರಿ? ಸೋಮವಾರದಿಂದ ಆಕಿ ಒಳಗ ಕುಂಡ್ರತಾಳ, ಅಷ್ಟ ಬರೀರಿ” ಅಂದಳು. ಬರೆದಿದ್ದೇನೆ. ಇದು ಪ್ರಶ್ನೆಯಲ್ಲವಾದ್ದರಿಂದ ತಾವು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.