ಅಮಲ್ದಾರರ ತಲೆಯೂ ಸಣ್ಣಕ್ಕನ ಗರುಗವೂ

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯ ಮುಂಗಾರಿನಲ್ಲಿ, ಹಾಸನ ಸೀಮೆಯ ಹೊಳೆಯಂಚಿನ ಒಂದು ತಾಲ್ಲೂಕಿನ ಅಮಲ್ದಾರರ ತಲೆಯ ಮೇಲೆ ಕೂದಲಿರಲಿಲ್ಲ. ಇದ್ದದ್ದೆಲ್ಲ ಹಿಂದಿನ ತಾಲ್ಲೂಕಿನಲ್ಲೇ ಉಳಿದುಹೋಗಿತ್ತು.

ಗರುಗದ ಎಣ್ಣೆ ಹಚ್ಚಿದರೆ ಬರುತ್ತದೆ ಎಂದರು ಯಾರೋ ಪಂಡಿತರು. ಗರುಗ ಅಂದರೆ ಗೊತ್ತಲ್ಲ, ನೀರು ನಿಂತ ಕಡೆಯೆಲ್ಲ ಕರೆಯದೆ ಬರುವ ನೆಂಟ. ಅಂಗಿ ಗುಂಡಿಯಷ್ಟು ಬಿಳಿ ಹೂವು. ಅದು ದಟ್ಟವಾಗಿ ಬೆಳೆದಿದ್ದು ಸಣ್ಣಕ್ಕನ ಗದ್ದೆಯಲ್ಲಿ. ತಳವಾರ ಮಂಚಯ್ಯ ಬಂದು ಬದುವಿನ ಮೇಲೆ ನಿಂತು ತಮಟೆ ಬಡಿದ.

“ಕೇಳ್ರಪ್ಪೋ! ಅಮಲ್ದಾರ್ ಸಾಹೇಬ್ರಿಗೆ ಕೂದ್ಲು ಬರೋಗಂಟ ಈ ಗದ್ದೆ ಗರುಗ ಸರ್ಕಾರದ್ದು. ಯಾರೂ ಕೀಳಂಗಿಲ್ಲ, ತುಳಿಯಂಗಿಲ್ಲ, ಉಳಂಗಿಲ್ಲ!”

ಸಣ್ಣಕ್ಕ ಬದುವಿಗೆ ಓಡಿ ಬಂದಳು. ಗಂಡನಿಲ್ಲದ ಹೆಂಗಸು, ಇರುವುದೊಂದೇ ಗದ್ದೆ. ಒಟ್ಲ ಸಸಿಮಡಿಯಲ್ಲಿ ಪೈರು ಮೊಣಕಾಲುದ್ದ ನಿಂತು ಕಾಯುತ್ತಿದೆ. ಈ ವಾರ ಉತ್ತು ನಾಟಿ ಹಾಕದಿದ್ದರೆ ವರ್ಷವೆಲ್ಲ ಅನ್ನದ ಮಡಕೆ ಬೋರಲು.

“ಕೂದ್ಲು ಬರದೇ ಇದ್ರೆ ಏನ್ಲಾ ಮಂಚಯ್ಯ?”

“ಬರ್ದೇ ಏನ್ ಮಾಡ್ತದೆ ಕಣಕ್ಕ, ಹುಕುಂ ಆಗೈತೆ.”

ಹೇರು ಹೇರು ಗರುಗ ಹೋಯಿತು, ಎಣ್ಣೆ ಕಾಯಿತು. ಅಮಲ್ದಾರರ ತಲೆ ಮೊದಲಿಗಿಂತ ಹೆಚ್ಚು ಮಿರಮಿರ ಮಿಂಚಿತು. ಮೊಳಕೆಗೆ ಮುಂಚೆ ನೆಲ ಹಾಗೇ ಹೊಳೆಯುತ್ತದೆ ಎಂದರು ಕಚೇರಿಯವರು.

ಸಣ್ಣಕ್ಕ ಕಚೇರಿ ಮೆಟ್ಟಿಲು ಹತ್ತಿದಳು. ಅಮಲ್ದಾರರ ಕೈಕೆಳಗಿನ ಶೇಕ್‌ದಾರರು ನಿಯಮ ಓದಿದರು: “ಕೂದಲು ಬಂದಿದೆಯೆಂದು ಮಹಜರಾದ ಹೊರತು ಗದ್ದೆ ಬಿಡತಕ್ಕದ್ದಲ್ಲ. ಅಮಲ್ದಾರರ ತಲೆಯನ್ನು ಅವರಿಗಿಂತ ಕೆಳಗಿನವರು ಮೇಲಿಂದ ನೋಡತಕ್ಕದ್ದಲ್ಲ.”

“ಅಂಗಾದ್ರೆ ನೋಡೋರ್ಯಾರು ಸಾ?”

“ತಾಲ್ಲೂಕಿನಲ್ಲಿ ಯಾರೂ ಇಲ್ಲಮ್ಮ.”

ಸಣ್ಣಕ್ಕ ದಾರಿಯುದ್ದಕ್ಕೂ ಯೋಚನೆ ಮಾಡಿದಳು. ಎಂಥ ದೊಡ್ಡವರ ತಲೆಯನ್ನಾದರೂ ಮೇಲಿಂದ ನೋಡುವ ಹಕ್ಕು ಲೋಕದಲ್ಲಿ ಒಬ್ಬನಿಗುಂಟು. ಕ್ಷೌರದ ನಂಜಯ್ಯನನ್ನು ಕಚೇರಿಗೆ ಎಳೆದುಕೊಂಡೇ ಬಂದಳು.

“ಅಕ್ಕೋ, ಅಲ್ಲಿ ಕತ್ತರ್ಸೋಕೆ ಏನೈತೆ?” ನಂಜಯ್ಯ ಪಿಸುಗುಟ್ಟಿದ.

“ನೀನು ಕತ್ತರಿ ಆಡ್ಸು. ಮಿಕ್ಕಿದ್ದು ಸರ್ಕಾರ ನೋಡ್ಕತ್ತದೆ.”

ನಂಜಯ್ಯ ಅಮಲ್ದಾರರ ಬೆನ್ನ ಹಿಂದೆ ನಿಂತ. “ಏನ್ ಬುದ್ಧೀ, ಕಿವಿ ಮುಚ್ಚೋ ಅಂಗೆ ಬಂದ್ಬುಟ್ಟೈತೆ! ಇಂಗಾ ಬುಟ್ಕಳ್ಳೋದು?”

ಅಮಲ್ದಾರರ ಮುಖ ಮೊರದಗಲ ಆಯಿತು. ಕತ್ತರಿ ಕಟಕಟ ಆಡಿತು. ಶೇಕ್‌ದಾರರು ಅಲ್ಲೇ ಮಹಜರು ಬರೆದರು: “ಕತ್ತರಿಸಲಾಗಿರುವುದರಿಂದ ಕೂದಲು ಇತ್ತು.” ಮಂಚಯ್ಯ ಪೊರಕೆ ತಂದು ನೆಲ ಗುಡಿಸಿ, ಮೊರದಲ್ಲಿ ಎತ್ತಿ ಹೊರಗೆ ಹಾಕಿದ.

ಅವತ್ತೇ ಸಣ್ಣಕ್ಕ ಗದ್ದೆಗೆ ನೇಗಿಲು ಇಳಿಸಿದಳು. ವಾರದೊಳಗೆ ನಾಟಿಯೂ ಮುಗಿಯಿತು.

ನಂಜಯ್ಯ ಮಾತ್ರ ಇನ್ನೂ ಕಚೇರಿಗೆ ಹೋಗಿಬರುತ್ತಾನೆ. ಒಂದು ವಾರ ತಡವಾದರೆ ಅಮಲ್ದಾರರು ರೇಗುತ್ತಾರೆ: “ಏನಯ್ಯಾ, ಕಣ್ಣಿಗೆ ಬೀಳ್ತಾ ಇದೆ, ರುಜು ಹಾಕೋದು ಹೇಗೆ?” ಕತ್ತರಿ ಆಡುತ್ತದೆ. ಪಕ್ಕದ ಗುಮಾಸ್ತರು ಕಾಗದದ ಮೇಲೆ ಬಿದ್ದ ಕೂದಲನ್ನು ಉಫ್ ಎಂದು ಊದಿ, ಬರೆಯುವುದನ್ನು ಮುಂದುವರಿಸುತ್ತಾರೆ.