ಅತ್ತರ್ ವಾಸನೆಯ ಭತ್ತ

ಪೊಟ್ಟಣಗಳೆಂದರೆ ಮಾಬುಬೀಗೆ ಆಗುತ್ತಿರಲಿಲ್ಲ. ಮನೆಗೆ ಏನೇ ಬರಲಿ, ಪೊಟ್ಟಣ ಹರಿದು ಡಬ್ಬಿಗೆ ಸುರಿದರೇ ಅವಳಿಗೆ ಸಮಾಧಾನ. ಮಗಳು ನಿಶಾತಳ ಮದುವೆಯ ಮಾತು ಕೆಟ್ಟದ್ದು ಈ ಶಿಸ್ತಿನಿಂದಲೇ.

ದಢೇಸುಗೂರಿನ ಅವರ ಮನೆಗೆ ಆ ವಾರ ಎರಡು ಪೊಟ್ಟಣ ಬಂದಿದ್ದವು. ಒಂದು ಲಿಂಗಸುಗೂರಿನಿಂದ. ಅಲ್ಲಿ ಸೌಂದರ್ಯ ಸಾಮಗ್ರಿಗಳ ಅಂಗಡಿ ಇಟ್ಟಿದ್ದ ಇಶ್ತಿಯಾಕ್‌ನ ಕಡೆಯವರು ನಿಶಾತಳನ್ನು ನೋಡಲು ಬರುವವರಿದ್ದರು. ಫೋಟೋ ನೋಡಿದ ಹುಡುಗನ ತಾಯಿ, ಸಂಬಂಧ ತಂದಿದ್ದ ಪಕ್ಕದ ಮನೆ ಲಾಲ್‌ಬೀಯ ಕೈಯಲ್ಲಿ, ಮುಖಕ್ಕೆ ಹಚ್ಚುವ ಪುಡಿಯೊಂದನ್ನು ಮುಂಚಿತವಾಗಿಯೇ ಕಳಿಸಿಕೊಟ್ಟಿದ್ದಳು. ಇನ್ನೊಂದು ಪೊಟ್ಟಣ ನಿಶಾತಳ ತಂದೆ ಇಸ್ಮಾಯಿಲ್‌ಸಾಬ್ ರೈತ ಸಂಪರ್ಕ ಕೇಂದ್ರದಿಂದ ತಂದದ್ದು. ಭತ್ತದ ಬೀಜಕ್ಕೆ ಬೆರೆಸುವ ಜೀವಾಣು ಗೊಬ್ಬರ. ಎರಡರ ಮೇಲೂ ‘ಜೀವಂತ ಬ್ಯಾಕ್ಟೀರಿಯಾ, ತಂಪಾದ ಜಾಗದಲ್ಲಿಡಿ’ ಎಂದು ಬರೆದಿತ್ತು. ಮಾಬುಬೀ ಎರಡನ್ನೂ ಒಂದೇ ತರದ ಡಬ್ಬಿಗಳಿಗೆ ಸುರಿದು ಫ್ರಿಜ್ಜಿನಲ್ಲಿಟ್ಟಳು.

ನೋಡಲು ಬರುವ ದಿನ ಬೆಳಿಗ್ಗೆ ಲಾಲ್‌ಬೀ ಖಾಲಿ ಪೊಟ್ಟಣ ಹಿಡಿದು ಕೂತಳು. “ಮಸರಾಗ ಇರ್ತಾವಲ್ಲ, ಅಂಥ ಹುಳ ಅದಾವಂತ ಬೇ ಇದರಾಗ. ಜೀವಂತ. ಮಾರಿಮ್ಯಾಗಿನ ಕರಿ ಬಣ್ಣ ತಿಂತಾವಂತ.”

ಎದುರುಮನೆ ಅಮರಮ್ಮ ಪೊಟ್ಟಣ ಕಸಿದುಕೊಂಡು ಕಣ್ಣು ಕಿರಿದು ಮಾಡಿ ಓದಿದಳು. “ಆಂಟಿ ಆಕ್ಸಿಡೆಂಟ್ ಅಂತನೂ ಬರದಾರ. ಯಾವ ಆಂಟಿಗೆ ಆಕ್ಸಿಡೆಂಟ್ ಆಗೇತೋ ಯವ್ವಾ, ನೋಡಿ ಹಚ್ಚ್ರಿ.”

ನಿಶಾತ್ ನಗಲಿಲ್ಲ. ಹಿಂದೆ ಬಂದವರೆಲ್ಲ ಚಹಾ ಕುಡಿದು, ಅವಳ ಗುಣ ಹೊಗಳಿ, ಫೋನ್ ಮಾಡುತ್ತೇವೆಂದು ಎದ್ದು ಹೋಗಿದ್ದರು. ಫೋನ್ ಬಂದಿರಲಿಲ್ಲ. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂಡುವುದಿಲ್ಲವೆಂದು ಅವಳು ಅಬ್ಬಾನಿಗೆ ಹೇಳಿಬಿಟ್ಟಿದ್ದಳು. ತಂಗಿ ಶಾಜಿಯಾ ಹಾಲಿನ ಕೆನೆಯಂಥ ಬಣ್ಣದವಳು. ಬಂದವರ ಕಣ್ಣಿಗೆ ಬೀಳಬಾರದೆಂದು ಅವಳನ್ನು ಎಂದಿನಂತೆ ಲಾಲ್‌ಬೀಯ ಮನೆಯಲ್ಲಿ ಕೂಡಿಸಿದ್ದರು.

ನಿಶಾತ್ ಫ್ರಿಜ್ಜಿನಲ್ಲಿ ಉಳಿದಿದ್ದ ಡಬ್ಬಿ ತೆಗೆದಳು. ಪುಡಿ ಬಾಣಲೆಯ ತಳದ ಹಾಗೆ ಕಪ್ಪಗಿತ್ತು.

“ಅಮ್ಮಾ, ಇದು ಕರ್ರಗೈತಲ್ಲ?”

“ಈಗ ಎಲ್ಲಾ ಇದ್ದಲಿಂದೇ ಬೇ, ಟೀವ್ಯಾಗ ನೋಡಿಲ್ಲೇನು?” ಲಾಲ್‌ಬೀ ಗದರಿದಳು. “ಕರಿದು ಕರಿದನ್ನ ಎಳೀತೈತಿ. ಲಗೂನ ಹಚ್ಚು, ಅವರು ಮಸ್ಕಿ ದಾಟ್ಯಾರಂತ.”

ಹಾಲಿನಲ್ಲಿ ಕಲಸಿ ಹಚ್ಚಿಕೊಂಡು ನಿಶಾತ್ ಫ್ಯಾನಿನ ಕೆಳಗೆ ಕೂತಳು.

“ಮಾರಿ ಬಿಗಿಯಾಕತ್ತೈತಿ ಖಾಲಾ.”

“ಹುಳ ಉಣ್ಣಾಕತ್ತಾವ. ಸುಮ್ಮ್ನ ಕುಂದ್ರು,” ಎಂದಳು ಲಾಲ್‌ಬೀ.

ಅಷ್ಟರಲ್ಲಿ ಇಸ್ಮಾಯಿಲ್‌ಸಾಬ್ ಗದ್ದೆಯಿಂದ ಬಂದ. ಅಪರೂಪಕ್ಕೆ ಖುಷಿಯಾಗಿದ್ದ. “ಈ ಸಲ ಸರ್ಕಾರದ ಬ್ಯಾಕ್ಟೀರಿಯಾ ಭಾಳ ಚಲೋ ಐತಿ ನೋಡು. ಬೆಳ್ಳಗ, ಮಲ್ಲಿಗಿ ಅತ್ತರ್ ವಾಸನಿ! ಬೆಲ್ಲದ ನೀರಾಗ ಕಲಸಿ ಬೀಜಕ್ಕ ಹಾಕೀನಿ. ಭತ್ತ ಅನ್ನೋದು ಮದಲಗಿತ್ತಿಯಂಗ ಘಮ್ ಅನ್ನಾಕತ್ತೈತಿ.”

ಮಾಬುಬೀ ಫ್ರಿಜ್ಜನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು.

“ಹಂಗಾರ ನನ್ನ ಮಾರಿಮ್ಯಾಗ ಏನೈತಿ?” ನಿಶಾತ್ ತುಟಿ ಅಲುಗಿಸದೆ ಕೇಳಿದಳು.

ಇಸ್ಮಾಯಿಲ್‌ಸಾಬ್ ಹತ್ತಿರ ಬಂದು ಮೂಸಿದ. “ಗೊಬ್ಬರ, ಬೇಟಾ,” ಎಂದು ಮೆಲ್ಲಗೆ ಹೇಳಿದ. “ಹೆದರಬ್ಯಾಡ. ಬೇರಿಗೆ ಭಾಳ ಚಲೋ.”

ಬಚ್ಚಲಲ್ಲಿ ಕರಿ ನೀರು ಹರಿಯಿತು. ಸೋಪು ಸವೆಯಿತು. ಹುಬ್ಬಿನಲ್ಲಿ, ಕೂದಲಂಚಿನಲ್ಲಿ, ಮೂಗಿನ ಮಗ್ಗುಲಲ್ಲಿ ಕಪ್ಪು ಹಾಗೇ ಕೂತಿತ್ತು. “ಕಿಲುಬು ಹಿಡಿದ ಬಿಂದಿಗಿನೇ ಹುಣಸಿಹಣ್ಣಿಗೆ ಬೆಳ್ಳಗಾಗತೈತಿ, ಇದೇನು ಮಹಾ!” ಎಂದು ಅಮರಮ್ಮ ಹುಣಸೆಹಣ್ಣು ತಂದು ತಿಕ್ಕತೊಡಗಿದಳು. ರಸ ಕಣ್ಣಿಗೆ ಹೋಯಿತು. ನಿಶಾತ್ ಚೀರಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು.

ಅಕ್ಕನ ಚೀರಾಟ ಕೇಳಿದ ಶಾಜಿಯಾ ತಡೆಯಲಾರದೆ ಟವೆಲ್ ಹಿಡಿದು ಓಡಿಬಂದಳು, ಆಗಷ್ಟೇ ಹೊಸ್ತಿಲು ದಾಟಿದ್ದ ಬೀಗರ ನಟ್ಟನಡುವೆಯೇ.

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಅರ್ಧ ತಿಕ್ಕಿದ ಪಾತ್ರೆಯಂಥ ಮುಖ, ಕೆಂಪಾದ ಕಣ್ಣು ಹೊತ್ತು ನಿಶಾತ್ ಬಂದು ಕೂತಳು. ಹುಡುಗನ ತಾಯಿ ಅವಳನ್ನು ನೋಡಿದಳು, ಶಾಜಿಯಾಳನ್ನು ನೋಡಿದಳು.

“ನಾವು ಕಳಿಸಿದ ಪುಡಿ ಹಚ್ಚಿಲ್ಲೇನು?”

“ಅದು... ಭತ್ತಕ್ಕ ಹೋತ್ರಿ,” ಮಾಬುಬೀ ತಲೆ ತಗ್ಗಿಸಿದಳು.

“ಚಲೋನ ಆತು ಬಿಡ್ರಿ,” ಎಂದಳು ಹುಡುಗನ ತಾಯಿ.

ಇಶ್ತಿಯಾಕ್ ಫೋನ್ ತೆಗೆದ. “ಚೂರು ಬೆಳಕಿಗೆ ತಿರುಗ್ರಿ,” ಎಂದು ನಿಶಾತಳ ಫೋಟೋ ತೆಗೆದ. ಆ ಮಗ್ಗುಲಿಂದ ಇನ್ನೊಂದು. ಅವನ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ಅವಳ ಎರಡನೇ ಫೋಟೋ ಯಾರೂ ಕೇಳಿರಲಿಲ್ಲ. ನಿಶಾತ್ ಹಣೆಗೆ ಅಂಟಿದ್ದ ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು.

“ನಮಗ ಒಪ್ಪಿಗಿ ಐತ್ರಿ,” ಎಂದಳು ಹುಡುಗನ ತಾಯಿ.

ಮಾಬುಬೀ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಲಾಲ್‌ಬೀ ಸಕ್ಕರೆ ಡಬ್ಬಿ ತಂದು ಮೊದಲು ನಿಶಾತಳ ಬಾಯಿಗೇ ಹಾಕಿದಳು.

“ಅಂಗಡಿ ಮುಂದ ದೊಡ್ಡ ಬೋರ್ಡ್ ಹಾಕಸಾಕತ್ತೀನ್ರಿ,” ಇಶ್ತಿಯಾಕ್ ಉತ್ಸಾಹದಿಂದ ಹೇಳತೊಡಗಿದ. “‘ಹಚ್ಚೋಕಿಂತ ಮೊದಲು’ ಒಂದು ಫೋಟೋ, ‘ಹಚ್ಚಿದ ಮ್ಯಾಲ’ ಒಂದು. ಎಲ್ಲಿ ಹುಡುಕಿದ್ರೂ ಜೋಡಿ ಸಿಕ್ಕಿದ್ದಿಲ್ಲ. ಒಂದ ಹೊಟ್ಟಿಯ ಸಗಾ ಅಕ್ಕ-ತಂಗಿ, ಕಣ್ಣು ಮೂಗು ಒಂದ ಅಚ್ಚು. ಒಬ್ಬಾಕೆನೇ ಅಂದ್ರ ಯಾರರ ಇಲ್ಲ ಅಂತಾರೇನ್ರಿ?”

ಲಾಲ್‌ಬೀಯ ಕೈ ಡಬ್ಬಿಯಲ್ಲೇ ನಿಂತಿತು. “ಮತ್ತ... ಶಾದಿ?”

“ಶಾದಿ ಸಣ್ಣಾಕಿ ಜೋಡಿ,” ಎಂದಳು ಹುಡುಗನ ತಾಯಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಇಸ್ಮಾಯಿಲ್‌ಸಾಬ್ ನೆಲ ನೋಡುತ್ತ ಕೂತ. ಶಾಜಿಯಾ ಕೈಯಲ್ಲಿದ್ದ ಟವೆಲ್ ಹಿಂಡುತ್ತಿದ್ದಳು. ಬಾಯಲ್ಲಿ ಕರಗುತ್ತಿದ್ದ ಸಕ್ಕರೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಶಾತ್ ಎದ್ದು ಬಚ್ಚಲ ಕಡೆ ಹೊರಟಳು.

“ತಡಿಯಮ್ಮಾ,” ಹುಡುಗನ ತಾಯಿ ಅಕ್ಕರೆಯಿಂದ ಕೂಗಿದಳು. “ಫೋನಿಂದು ಬೋರ್ಡಿಗೆ ಸಾಲಂಗಿಲ್ಲ. ಸಿಂಧನೂರಿಂದ ಸ್ಟುಡಿಯೋದಾಂವ ಬರೋ ತನಕ ಮಾರಿ ತೊಳಕೋಬ್ಯಾಡ.”