ಗ್ಲೈಡರಿನ ಹಗ್ಗ ಹಿಡಿದು ಓಡುವವನ ಪಾಡು

ಯಾವ ಸಂಘಕ್ಕೆ ಹೋದರೂ ಅಲ್ಲೊಬ್ಬ ಇರುತ್ತಾನೆ. ಅವನಿಗೆ ಭಾಷಣ ಬಾರದು, ಹಾಡು ಬಾರದು, ಆದರೆ ಜಮಖಾನೆ ಹಾಸುವವನು ಅವನೇ. ಅವನಿಲ್ಲದೆ ಏನೂ ನಡೆಯುವುದಿಲ್ಲ ಎಂದು ಉಳಿದವರು ಹೇಳುತ್ತಾರೆ. ಪಾಪ, ಅವನೂ ನಂಬಿರುತ್ತಾನೆ. ಪುಣೆಯ ನಮ್ಮ ಗ್ಲೈಡರ್ ಕ್ಲಬ್ಬಿನಲ್ಲಿ ಆ ಮನುಷ್ಯ ನಾನು. ನಾನು ಹಾಸುವುದಿಲ್ಲ, ಓಡುತ್ತೇನೆ, ಅಷ್ಟೇ ವ್ಯತ್ಯಾಸ.

ಇದನ್ನು ಬಿಡಿಸಿ ಹೇಳದಿದ್ದರೆ ನೀವು ತಪ್ಪು ತಿಳಿದೀರಿ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ನಮ್ಮದು ಅದರ ಮರಿ, ನೆಲದ ಮೇಲೆ ನಿಂತು ರಿಮೋಟಿನಿಂದ ಆಡಿಸುವಂಥದ್ದು. ತಾನಾಗಿ ಅದು ಮೇಲೇಳಲಾರದು. ಅದರ ಹೊಟ್ಟೆಯ ಕೊಕ್ಕೆಗೆ ಉದ್ದನೆಯ ನೈಲಾನ್ ಹಗ್ಗದ ಉಂಗುರ ಸಿಕ್ಕಿಸಿ, ಹಗ್ಗದ ಇನ್ನೊಂದು ತುದಿ ಹಿಡಿದು ಒಬ್ಬ ಗಾಳಿಗೆ ಎದುರಾಗಿ ಓಡಬೇಕು. ಆಗ ಅದು ಗಾಳಿಪಟದ ಹಾಗೆ ಏರುತ್ತದೆ. ಎತ್ತರಕ್ಕೆ ಹೋದ ಮೇಲೆ ಉಂಗುರ ಕಳಚಿ ಬೀಳುತ್ತದೆ, ಗ್ಲೈಡರ್ ತೇಲುತ್ತದೆ, ರಿಮೋಟ್ ಹಿಡಿದವನಿಗೆ ಶಾಭಾಸ್‌ಗಿರಿ ಸಿಗುತ್ತದೆ. ಓಡಿದವನು ಹಗ್ಗ ಸುತ್ತುತ್ತ ವಾಪಸು ಬರುತ್ತಾನೆ. ಮೊದಮೊದಲು ನಾನೂ ಹಾರಿಸಿ ನೋಡಿದೆ. ನನ್ನ ಕೈಗೆ ರಿಮೋಟ್ ಬಂದರೆ ಸಾಕು, ಗ್ಲೈಡರ್ ಜಾಲಿಗಿಡ ಹುಡುಕಿಕೊಂಡು ಹೋಗುತ್ತಿತ್ತು. ನಮ್ಮ ಅಧ್ಯಕ್ಷರಾದ ದೇಶಪಾಂಡೆಯವರು ಧಾರವಾಡದ ಕಡೆಯವರು, ನಯವಂತರು. ಮೆಲ್ಲಗೆ ರಿಮೋಟ್ ಇಸಿದುಕೊಂಡು, "ನೀವು ಓಡ್ರಿ. ನಿಮ್ಮಂಗ ಓಡೂದು ಯಾರಿಗೂ ಬರಂಗಿಲ್ಲ" ಎಂದರು. ಅಂದಿನಿಂದ ಓಡುತ್ತಲೇ ಇದ್ದೇನೆ. ಒಮ್ಮೆ ಜೇಜುರಿ ದೇವರ ಜಾತ್ರೆಯಿಂದ ಮರಳುತ್ತಿದ್ದ ನಮ್ಮ ವಿಜಾಪುರದ ಕಡೆಯ ಭಕ್ತರು ಟೆಂಪೊ ನಿಲ್ಲಿಸಿ, ಬಿಸಿಲಲ್ಲಿ ಹಗ್ಗ ಹಿಡಿದು ಓಡುತ್ತಿದ್ದ ನನ್ನನ್ನು "ಏನ್ ಹರಕಿ ಹೊತ್ತೀರಿ, ಯಜಮಾನ್ರ?" ಎಂದು ಕೇಳಿದ್ದರು. ಮೇಲೆ ನೋಡ್ರಿ ಎಂದೆ. ನೋಡಿದರು. ಗೌರವ ಹುಟ್ಟಿತೋ ಕನಿಕರವೋ, ನನ್ನ ಹಣೆಗಿಷ್ಟು ದೇವರ ಅರಿಸಿನ, ಆ ಭಂಡಾರ, ಹಚ್ಚಿ ಹೋದರು.

ಎಲ್ಲವೂ ಸುಸೂತ್ರವಾಗಿರುವಾಗ ಶೆಟ್ಟರು ಬ್ಯಾಟರಿ ತಂದರು. ಅವರು ಉಡುಪಿ ಕಡೆಯವರು, ಹೋಟೆಲು ನಡೆಸುವವರು, ಕಾಯುವುದೆಂದರೆ ಅವರಿಗಾಗದು. ಅವರ ಹೊಸ ಗ್ಲೈಡರಿನ ಮೂತಿಯಲ್ಲಿ ಪುಟ್ಟ ಮೋಟರು, ಅದಕ್ಕೊಂದು ಮಡಚುವ ಪಂಖ. ಕೈಯಿಂದ ಎಸೆದರು, ಝುಂಯ್ ಎಂದು ಏರಿತು. ಮೇಲೆ ಹೋದ ಮೇಲೆ ಮೋಟರು ನಿಂತು, ಪಂಖ ಮಡಚಿಕೊಂಡು, ಏನೂ ಅರಿಯದ ಹಾಗೆ ತೇಲತೊಡಗಿತು. "ಇನ್ನು ನೀವು ಆರಾಮಾಗಿ ಕೂತ್ಕೊಳ್ಳಿ ಮಾರಾಯ್ರೆ" ಎಂದರು ಶೆಟ್ಟರು, ಒಳ್ಳೆಯ ಮನಸ್ಸಿನಿಂದಲೇ. ನಾನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಗ್ಲೈಡರಿಗೂ ಮೋಟರು ಬಂತು. ಮೊದಲು ಗಾಳಿಯ ಮಾತಾಡುತ್ತಿದ್ದವರು ಈಗ ಚಾರ್ಜರಿನ ಮಾತಾಡತೊಡಗಿದರು. ನಾನು ಹಗ್ಗದ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಬೇಜಾರಾದಾಗ ಎದ್ದು ಚಹಾ ಹಂಚಿದೆ. ಯಾರೂ ಅವಮಾನ ಮಾಡಲಿಲ್ಲ. ಮಾಡಿದ್ದರೆ ಜಗಳವಾದರೂ ತೆಗೆಯಬಹುದಿತ್ತು. "ಅಲ್ಲಿ ಹೋಗಿ ಸುಮ್ನ ಕೂಡೂದರ ಬದ್ಲಿ ಮನ್ಯಾಗ ಇರ್ರಿ, ಅಟ್ಟ ಸ್ವಚ್ಛ ಮಾಡೂದದ" ಎಂದಳು ಹೆಂಡತಿ ಶಾಂತಾ. ಅವಳ ಮಾತು ಸರಿಯೇ. ಆದರೆ ಆಫೀಸಿನಲ್ಲಿ ನನ್ನನ್ನು ಕರೆಯುವುದು ಫೈಲು ಕಳೆದಾಗ, ಮನೆಯಲ್ಲಿ ಕರೆಯುವುದು ಗ್ಯಾಸ್ ಮುಗಿದಾಗ. ಆ ಬಯಲಿನಲ್ಲಿ ಮಾತ್ರ "ಪಳಾ ಕಾಕಾ, ಪಳಾ" ಎಂದು ಮರಾಠಿ ಗೆಳೆಯರು ಹುರುಪಿನಿಂದ ನನ್ನನ್ನು ಓಡಿಸುತ್ತಿದ್ದರು. ನನಗೆ ಅದು ಬೇಕಾಗಿತ್ತು, ತುಂಬ ಬೇಕಾಗಿತ್ತು.

ಕೊನೆಗೆ ದೇಶಪಾಂಡೆಯವರಿಗೆ ಹೇಳಿಬಿಟ್ಟೆ, "ಮುಂದಿನ ವಾರದಿಂದ ಬರೂದಿಲ್ರಿ. ಮನ್ಯಾಗ ಕೆಲಸ ಭಾಳ ಅದ."

ಅವರು ಕನ್ನಡಕ ಒರೆಸಿಕೊಂಡರು. "ಹಂಗಂದ್ರ ಹೆಂಗ್ರಿ? ನನ್ನ ಹಳೇ ಗ್ಲೈಡರ್ ಅದಲಾ, ಅದಕ್ಕ ನಾ ಮೋಟರ್ ಹಚ್ಚಂಗಿಲ್ಲ. ನೀವು ಬರಲಿಲ್ಲಂದ್ರ ಅದನ್ನ ಗ್ವಾಡಿಗೆ ತೂಗಹಾಕೂದ."

ಮುಂದಿನ ರವಿವಾರ ಎಲ್ಲರಿಗಿಂತ ಮೊದಲು ಬಯಲಿನಲ್ಲಿದ್ದೆ. ಓಡಿದೆ. ಓಡುವವನ ಕಿವಿಯಲ್ಲಿ ಗಾಳಿಯದೇ ಸದ್ದು, ಬೇರೇನೂ ಕೇಳದು. ಆಹಾ, ಎಂದೂ ಏರದಷ್ಟು ಎತ್ತರಕ್ಕೆ ಏರಿತು ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಒಂದೇ ಒಂದು ಸಂಗತಿ ನನ್ನನ್ನು ಕೊರೆಯಿತು. ನಡುವೆ ಕಲ್ಲಿಗೆ ಎಡವಿ ನಾನು ಮುಗ್ಗರಿಸಿದಾಗ ಕೈಯಲ್ಲಿ ಹಗ್ಗ ಸಡಿಲಾಗಿತ್ತು. ಹಗ್ಗ ಸಡಿಲಾದರೆ ಗ್ಲೈಡರ್ ತಲೆ ಬಗ್ಗಿಸಬೇಕು. ಇದು ಬಗ್ಗಿಸಲಿಲ್ಲ, ನನ್ನ ಹಂಗಿಲ್ಲದೆ ಏರುತ್ತಲೇ ಇತ್ತು.

ಅದು ದೂರದಲ್ಲಿ ಇಳಿದಾಗ ತರಲು ಹೊರಟೆ. ಎಂದೂ ಓಡದ ದೇಶಪಾಂಡೆಯವರು ಹಿಂದಿನಿಂದ "ಇರ್ರಿ, ಇರ್ರಿ, ನಾ ತರ್ತೀನಿ" ಎನ್ನುತ್ತ ಓಡಿಬಂದರು. ಓಟದಲ್ಲಿ ನನ್ನನ್ನು ಹಿಂದೆ ಹಾಕುವುದು ಅವರಿಂದಾದೀತೇ? ನಾನೇ ಮೊದಲು ಮುಟ್ಟಿದೆ. ಮೂತಿ ಬೆಚ್ಚಗಿತ್ತು. ಅದರ ಎರಡು ಬದಿಗೆ, ಮೈಬಣ್ಣವನ್ನೇ ಬಳಿದ ಪಂಖ ಮಡಚಿಕೊಂಡು ಮಲಗಿತ್ತು. ತಿರುಗಿ ನೋಡಿದರೆ ಇಡೀ ಕ್ಲಬ್ಬು ಒಂದೇ ಸಲ ಆಕಾಶ ನೋಡುತ್ತ ನಿಂತಿತ್ತು.

"ಹೆಂಗಿತ್ರಿ?" ಎಂದರು ದೇಶಪಾಂಡೆಯವರು, ಏದುಸಿರು ಬಿಡುತ್ತ. ಆ ವಯಸ್ಸಿನಲ್ಲಿ ನನಗಾಗಿ ಓಡಿಬಂದ ಆ ಮುಖ ನೋಡಿ ನಾನು ಮೂತಿಯಿಂದ ಕೈ ತೆಗೆದೆ.

"ಭಾಳ ಚಲೋ ಏರಿತ್ರಿ" ಎಂದೆ. "ಇವತ್ತ ನನ್ನ ಕಾಲಾಗ ಅದೇನ್ ಶಕ್ತಿ ಬಂದಿತ್ತೋ."

"ನಾನೂ ಅದನ್ನ ಅನ್ಕೊಂಡೆ ನೋಡ್ರಿ" ಎಂದರು ಅವರು.

ಹೀಗೆ ನಮ್ಮ ವ್ಯವಹಾರ ಕುದುರಿತು. ಮೋಟರಿಲ್ಲವೆಂದು ಅವರು ನಟಿಸುತ್ತಾರೆ, ನಂಬಿದೆನೆಂದು ನಾನು ನಟಿಸುತ್ತೇನೆ. ಅವರ ಪ್ರೀತಿಗೆ ಕುಂದು ಬರಬಾರದೆಂದು ಮೊದಲು ಕೆಲವು ವಾರ ಜೀವ ಬಿಟ್ಟು ಓಡಿದೆ. ಆಮೇಲೆ ತುಸು ನಿಧಾನಿಸಿದೆ, ಏರಿತು. ಇನ್ನೂ ನಿಧಾನಿಸಿದೆ, ಆಗಲೂ ಏರಿತು. ಕಳೆದ ರವಿವಾರ ನಾನು ನಡೆದೇ ಹೋದೆ, ಏದುಸಿರು ಮಾತ್ರ ಮೊದಲಿಗಿಂತ ಜೋರಾಗಿ ಬಿಟ್ಟೆ.